ಚೈನೀಸ್ ಕ್ಯಾಬೇಜ್ ಬೀಜ: ನರ್ಸರಿಯ ಪೊಟ್ಟಣ ಮತ್ತು ರೈತರ ಪೊಟ್ಟಣ

ಪುಣೆಯಲ್ಲಿ ಹಿತ್ತಲಿಗೋ ಮಾಳಿಗೆಯ ಕುಂಡಗಳಿಗೋ ಚೈನೀಸ್ ಕ್ಯಾಬೇಜ್ ಬೀಜ ಬೇಕೆಂದರೆ ಎರಡು ಬಗೆಯ ಪೊಟ್ಟಣಗಳು ದೊರೆಯುತ್ತವೆ. ಒಂದು, ನರ್ಸರಿಗಳ ಬಾಗಿಲಲ್ಲಿ ತೂಗುಹಾಕಿರುವ, ಬಿಳಿಯ ದಂಟಿನ ಎಲೆಗಳು ಸುತ್ತಿಕೊಂಡ ಕೊಬ್ಬಿದ ಗಡ್ಡೆಯ ಬಣ್ಣದ ಚಿತ್ರವಿರುವ ಪುಟ್ಟ ಪೊಟ್ಟಣ. ಇನ್ನೊಂದು, ಗುಲ್ಟೆಕಡಿಯ ಮಾರ್ಕೆಟ್ ಯಾರ್ಡ್ ಸುತ್ತಮುತ್ತಲಿನ ಕೃಷಿ ಸೇವಾ ಕೇಂದ್ರಗಳಲ್ಲಿ ರೈತರಿಗೆಂದು ಮಾರುವ, 10 ಗ್ರಾಂ ತೂಕದ, ಮೊಹರು ಮಾಡಿದ ಪೊಟ್ಟಣ. ಮೊದಲನೆಯದು ಅಗ್ಗ, ಎರಡನೆಯದು ಅದರ ಹಲವು ಪಟ್ಟು ಬೆಲೆಯದು. ಕಳೆದ ಚಳಿಗಾಲದಲ್ಲಿ ಇವೆರಡನ್ನೂ ಒಂದೇ ಮಣ್ಣಿನಲ್ಲಿ, ಒಂದೇ ನೀರಿನಲ್ಲಿ, ಅಕ್ಕಪಕ್ಕದ ಮಡಿಗಳಲ್ಲಿ ಬೆಳೆದು ನೋಡಿದ ನನ್ನ ತೀರ್ಮಾನವೆಂದರೆ, ಮನೆಯ ತೋಟಕ್ಕೂ ರೈತರ ಪೊಟ್ಟಣವನ್ನೇ ಕೊಳ್ಳಬೇಕು, ಆದರೆ ಅದನ್ನು ಒಬ್ಬರೇ ಕೊಳ್ಳಬಾರದು. ಕಾರಣಗಳನ್ನು ಮುಂದೆ ವಿವರಿಸುತ್ತೇನೆ. ಕಂಪನಿಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಒಂದೇ ಕಂಪನಿಯ ಬೀಜವೂ ಒಂದು ಲಾಟಿನಿಂದ, ಅಂದರೆ ಒಟ್ಟಿಗೆ ತಯಾರಾದ ಬೀಜದ ಕಂತಿನಿಂದ, ಇನ್ನೊಂದು ಲಾಟಿಗೆ ಬೇರೆಯಾಗಿರುವುದರಿಂದ, ಹೆಸರಿಗಿಂತ ಪೊಟ್ಟಣದ ಹಿಂಬದಿಯನ್ನು ಓದಲು ಕಲಿಯುವುದೇ ಓದುಗರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನರ್ಸರಿಯ ಪೊಟ್ಟಣದ ಹಿಂಬದಿಯಲ್ಲಿ ನನಗೆ ಕಂಡದ್ದು ಇಷ್ಟು: ಬೆಳೆಯ ಹೆಸರು, ಬೆಲೆ, 'ವರ್ಷವಿಡೀ ಬಿತ್ತಬಹುದು' ಎಂಬ ಒಂದು ಸಾಲು, ನೀರು ಹಾಕಿ ಬಿಸಿಲಿನಲ್ಲಿಡಿ ಎಂಬ ಇನ್ನೊಂದು ಸಾಲು. ಯಾವ ತಳಿ, ಯಾವ ಲಾಟು, ಮೊಳಕೆಯ ಪ್ರಮಾಣ ಎಷ್ಟು, ಪರೀಕ್ಷೆ ಯಾವ ತಿಂಗಳಲ್ಲಿ ನಡೆಯಿತು, ಅವಧಿ ಯಾವಾಗ ಮುಗಿಯುತ್ತದೆ ಎಂಬ ಒಂದು ವಿವರವೂ ಇರಲಿಲ್ಲ. ರೈತರ ಪೊಟ್ಟಣದ ಮೇಲೆ ಇವೆಲ್ಲವೂ ಇದ್ದವು: ಲಾಟಿನ ಸಂಖ್ಯೆ, ಕನಿಷ್ಠ ಮೊಳಕೆಯ ಶೇಕಡಾವಾರು, ಭೌತಿಕ ಶುದ್ಧತೆ, ತಳಿಶುದ್ಧತೆ, ಪರೀಕ್ಷೆಯ ದಿನ, ಅವಧಿ ಮುಗಿಯುವ ದಿನ, ಬೀಜಕ್ಕೆ ಲೇಪಿಸಿದ ಔಷಧದ ಹೆಸರು. ಇದು ಕಂಪನಿಯ ಔದಾರ್ಯವಲ್ಲ. ನಮ್ಮ ದೇಶದಲ್ಲಿ 1966ರ ಬೀಜ ಕಾಯ್ದೆ ಮತ್ತು 1968ರ ಬೀಜ ನಿಯಮಗಳು ಸರ್ಕಾರ ಅಧಿಸೂಚಿಸಿದ ತಳಿಗಳ ಪೊಟ್ಟಣದ ಮೇಲೆ ಇಂಥ ವಿವರಗಳನ್ನು ಮುದ್ರಿಸಬೇಕೆಂದು ವಿಧಿಸಿವೆ; 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಬೀಜ ಮಾರುವವರಿಗೆ ಪರವಾನಗಿ ಬೇಕು ಮತ್ತು ಕೊಂಡವರಿಗೆ ರಸೀದಿ ಕೊಡಬೇಕು. ರೈತನು ಬೆಳೆ ಕೈಕೊಟ್ಟಾಗ ದೂರು ಕೊಡುತ್ತಾನೆ, ಆದ್ದರಿಂದ ಅವನಿಗೆ ಮಾರುವ ಪೊಟ್ಟಣ ಎಚ್ಚರಿಕೆಯಿಂದ ತಯಾರಾಗಿರುತ್ತದೆ. ಕುಂಡದಲ್ಲಿ ನಾಲ್ಕು ಸಸಿ ಬೆಳೆಯುವ ನಗರವಾಸಿ ಮಾತ್ರ ಬೀಜ ಮೊಳೆಯದಿದ್ದರೆ ತನ್ನ ಕೈಗುಣವನ್ನೇ ಬೈದುಕೊಂಡು ಸುಮ್ಮನಾಗುತ್ತಾನೆ ಎಂಬುದನ್ನು ಪುಟ್ಟ ಪೊಟ್ಟಣ ತಯಾರಿಸುವವರು ಚೆನ್ನಾಗಿ ಅರಿತಂತಿದೆ.

ಬೀಜವನ್ನು ಇಟ್ಟಿರುವ ರೀತಿಯಲ್ಲಿಯೂ ಅಷ್ಟೇ ವ್ಯತ್ಯಾಸವಿತ್ತು. ಬೀಜದ ಆಯಸ್ಸನ್ನು ತೀರ್ಮಾನಿಸುವುದು ತೇವ ಮತ್ತು ಉಷ್ಣತೆ. ಬೀಜದೊಳಗಿನ ತೇವ ಶೇಕಡಾ 1ರಷ್ಟು ತಗ್ಗಿದರೆ ಆಯಸ್ಸು ಸುಮಾರು ಇಮ್ಮಡಿಯಾಗುತ್ತದೆ, ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ತಗ್ಗಿದರೂ ಹಾಗೆಯೇ ಎಂಬುದು ಬೀಜಶಾಸ್ತ್ರದಲ್ಲಿ ಹ್ಯಾರಿಂಗ್‌ಟನ್ ಸೂತ್ರವೆಂದು ಹೆಸರಾದ ಲೆಕ್ಕ. ನಾನು ಕೊಂಡ ನರ್ಸರಿಯಲ್ಲಿ ಪೊಟ್ಟಣಗಳು ಗೇಟಿನ ಕಂಬಿಗೆ, ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವಲ್ಲಿ, ಪಕ್ಕದಲ್ಲೇ ಗಿಡಗಳಿಗೆ ನೀರು ಸಿಂಪಡಿಸುವ ಪೈಪು ಓಡಾಡುವಲ್ಲಿ ತೂಗುತ್ತಿದ್ದವು. ಪುಣೆಯ ಒಂದು ಬೇಸಿಗೆಯನ್ನೂ ಒಂದು ಮಳೆಗಾಲವನ್ನೂ ಹೀಗೆ ಕಳೆದ ಬೀಜದಿಂದ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ. ಕೃಷಿ ಸೇವಾ ಕೇಂದ್ರದಲ್ಲಿ ಬೀಜವು ಗೋಡೆಯ ಮರದ ಕಪಾಟಿನಲ್ಲಿ, ಕಂಪನಿಯ ರಟ್ಟಿನ ಪೆಟ್ಟಿಗೆಯೊಳಗೇ ಇತ್ತು. ಅಂಗಡಿಯ ಹಿರಿಯರು ಸೊಲ್ಲಾಪುರದ ಕಡೆಯವರು. ಮರಾಠಿಯಲ್ಲಿ ಆರಂಭವಾದ ಮಾತು ನನ್ನ ಉಚ್ಚಾರಣೆ ಕೇಳಿದ ಮೇಲೆ ತಾನಾಗಿ ಕನ್ನಡಕ್ಕೆ ಹೊರಳಿತು. ಎಷ್ಟು ಗುಂಟೆಗೆ ಬೇಕು ಎಂದು ಅವರು ಕೇಳಿದರು. ಗುಂಟೆಯಲ್ಲ, ಹಿತ್ತಲಿನ ಎರಡು ಮಡಿ ಎಂದಾಗ ನಗಲಿಲ್ಲ. ಹಳೆಯ ಲಾಟಿನ ಪೆಟ್ಟಿಗೆಯನ್ನು ಬದಿಗೆ ಸರಿಸಿ ಹೊಸದನ್ನು ತೆರೆದು ಕೊಟ್ಟರು, ಕೇಳದೆಯೇ ರಸೀದಿ ಬರೆದರು. ಅಂಗಡಿಯ ಸೇವೆಯ ಬಗ್ಗೆ ನನ್ನ ಒಂದೇ ಆಕ್ಷೇಪವೆಂದರೆ, ಬೀಜದ ಜೊತೆಗೆ ಯಾವುದಾದರೂ ಕೀಟನಾಶಕವನ್ನೂ ಒಯ್ಯಿರೆಂದು ಒತ್ತಾಯಿಸಿದ್ದು. ಎಕರೆಗಟ್ಟಲೆ ಬೆಳೆಗೆ ತಯಾರಾದ ಆ ದ್ರಾವಣಗಳಿಗೆ ಅಡುಗೆಮನೆಯ ಹಿಂದಿನ ಮಡಿಯಲ್ಲಿ ಕೆಲಸವಿಲ್ಲ.

ರೈತರ ಪೊಟ್ಟಣದ ದೊಡ್ಡ ತೊಡಕು ಅದರ ಗಾತ್ರ. ಚೈನೀಸ್ ಕ್ಯಾಬೇಜ್ ಬೀಜ ಸಾಸಿವೆಯಷ್ಟೇ ಚಿಕ್ಕದು. ಒಂದು ಗ್ರಾಮಿನಲ್ಲಿ ಸುಮಾರು 300ಕ್ಕೂ ಹೆಚ್ಚು ಬೀಜಗಳಿರುತ್ತವೆ, ಅಂದರೆ 10 ಗ್ರಾಮಿನಲ್ಲಿ ಮೂರು ಸಾವಿರಕ್ಕೆ ಕಡಿಮೆಯಿಲ್ಲ. ನಾಲ್ಕು ಜನರ ಮನೆಗೆ ಒಂದು ಹಂಗಾಮಿನಲ್ಲಿ ಹತ್ತು ಹನ್ನೆರಡು ಗಿಡ ಧಾರಾಳವಾಯಿತು. ಆದ್ದರಿಂದಲೇ ಪರಿಚಿತ ಕನ್ನಡದ ಮನೆಗಳು ಕೆಲವು ಸೇರಿ ಒಂದು ಪೊಟ್ಟಣ ಕೊಂಡು ಹಂಚಿಕೊಂಡೆವು. ತಲೆಗೆ ಬಿದ್ದ ಖರ್ಚು ನರ್ಸರಿಯ ಪೊಟ್ಟಣದ ಬೆಲೆಗಿಂತ ಕಡಿಮೆಯೇ ಆಯಿತು. ಉಳಿದ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪುಡಿಕೆಯೊಡನೆ, ಫ್ರಿಜ್ಜಿನ ಕೆಳ ಅರೆಯಲ್ಲಿಟ್ಟರೆ ಮುಂದಿನ ಎರಡು ಮೂರು ಚಳಿಗಾಲಕ್ಕೂ ಬಳಸಬಹುದು. ಹಂಚುವಾಗ ಒಂದು ಎಚ್ಚರಿಕೆ ಅಗತ್ಯ. ಈ ಬೀಜಕ್ಕೆ ಶಿಲೀಂಧ್ರನಾಶಕವನ್ನು ಲೇಪಿಸಿರುತ್ತಾರೆ, ಗುರುತಿಗೆಂದು ಬಣ್ಣವನ್ನೂ ಹಚ್ಚಿರುತ್ತಾರೆ. ಮಿಗತೆ ಬೀಜವನ್ನು ತಟ್ಟೆಯಲ್ಲಿ ಮೊಳಕೆ ಬರಿಸಿ ಮೈಕ್ರೋಗ್ರೀನ್ಸ್ ಎಂದು ತಿನ್ನುವ ಹವ್ಯಾಸ ಈಗ ಹಲವರಿಗಿದೆ. ಲೇಪನವಿರುವ ಬೀಜವನ್ನು ಅದಕ್ಕೆ ಖಂಡಿತ ಬಳಸಬಾರದು, ಬಿತ್ತಿದ ಮೇಲೆ ಕೈ ತೊಳೆದುಕೊಳ್ಳಬೇಕು, ಹೆಸರು ಬರೆಯದ ಡಬ್ಬಿಯಲ್ಲಿ ಅಡುಗೆಮನೆಯ ಸಾಸಿವೆಯ ಬಳಿ ಇಡಲೇಬಾರದು.

ಮೊಳಕೆಯ ಫಲಿತಾಂಶ ನಿರೀಕ್ಷಿಸಿದಂತೆಯೇ ಬಂತು. ರೈತರ ಪೊಟ್ಟಣದ ಬೀಜ ಒಂದು ವಾರದೊಳಗೆ ಬಹುಪಾಲು ಮೊಳೆತು ಒಂದೇ ಎತ್ತರಕ್ಕೆ ನಿಂತಿತು. ನರ್ಸರಿಯದು ಅರ್ಧದಷ್ಟೂ ಮೇಲೇಳಲಿಲ್ಲ, ಎದ್ದ ಸಸಿಗಳೂ ಒಂದೇ ಬಗೆಯವಾಗಿರಲಿಲ್ಲ. ಕೆಲವು ಎಲೆಗಳು ಅಗಲವಾಗಿ, ಅಂಚು ಮುರುಟಿ, ಬೆನ್ನಿನಲ್ಲಿ ನವಿರಾದ ರೋಮದೊಡನೆ ಬೆಳೆದು ಚೈನೀಸ್ ಕ್ಯಾಬೇಜ್ ಎಂದು ಗುರುತು ಕೊಟ್ಟವು. ಇನ್ನು ಕೆಲವು ನುಣುಪಾದ ಚಮಚದಾಕಾರದ ಎಲೆ ಬಿಟ್ಟು, ಗಡ್ಡೆ ಕಟ್ಟದ ಪಾಕ್ ಚೊಯ್ ಎಂಬ ಸೊಪ್ಪಾಗಿ ಹೊರಹೊಮ್ಮಿದವು. ಇವೆರಡೂ ಬ್ರಾಸಿಕಾ ರಾಪಾ ಎಂಬ ಒಂದೇ ಪ್ರಭೇದದ ಉಪಪ್ರಭೇದಗಳು, ನಮ್ಮ ಟರ್ನಿಪ್ಪೂ ಅದೇ ಪ್ರಭೇದದ್ದು. ಹೆಸರಿನಲ್ಲಿ ಕ್ಯಾಬೇಜ್ ಇದ್ದರೂ ಸಾಮಾನ್ಯ ಎಲೆಕೋಸು ಬ್ರಾಸಿಕಾ ಒಲೆರೇಸಿಯಾ ಎಂಬ ಬೇರೆ ಪ್ರಭೇದಕ್ಕೆ ಸೇರಿದ್ದು. ನಾವು ಒಗ್ಗರಣೆಗೆ ಬಳಸುವ ಕಂದು ಸಾಸಿವೆಯಲ್ಲಿ ಬ್ರಾಸಿಕಾ ರಾಪಾದ ವರ್ಣತಂತುಗಳ ಇಡೀ ಕಟ್ಟು, ಕರಿಸಾಸಿವೆಯ ಕಟ್ಟಿನೊಡನೆ ಸೇರಿಕೊಂಡಿದೆ. ಈ ಕುಲದ ಬೆಳೆಗಳ ನಂಟನ್ನು 1935ರಲ್ಲಿ ತ್ರಿಕೋನದ ರೂಪದಲ್ಲಿ ನಿರೂಪಿಸಿದವರು ಜಪಾನಿನಲ್ಲಿ ಕೆಲಸ ಮಾಡುತ್ತಿದ್ದ ಕೊರಿಯಾ ಮೂಲದ ವಿಜ್ಞಾನಿ ವೂ ಜಾಂಗ್-ಚುನ್. ಅವರೇ 1950ರಲ್ಲಿ ಕೊರಿಯಾಕ್ಕೆ ಹೋಗಿ ನೆಲೆಸಿ ಅಲ್ಲಿನ ತರಕಾರಿ ಬೀಜಗಳ ಸುಧಾರಣೆಗೆ ದುಡಿದರು. ಈ ವಂಶಾವಳಿಯನ್ನು ಇಲ್ಲಿ ತಂದುದಕ್ಕೆ ಕಾರಣವಿದೆ: ಚೈನೀಸ್ ಕ್ಯಾಬೇಜನ್ನು ಎಲೆಕೋಸಿನಂತೆ ನಡೆಸಿಕೊಂಡರೆ ಅದು ಒಗ್ಗುವುದಿಲ್ಲ. ಅದರ ಅವಸರ, ಅದರ ಹೂಬಿಡುವ ಚಪಲ, ಎರಡೂ ಸಾಸಿವೆಯ ಮನೆತನದ ಗುಣಗಳು.

ಇನ್ನು 'ವರ್ಷವಿಡೀ ಬಿತ್ತಬಹುದು' ಎಂಬ ಸಾಲಿನ ಮಾತು. ಪುಣೆಯ ಮಟ್ಟಿಗೆ ಇದು ನಿಜವಲ್ಲ, ಮುಂಬೈ ಮತ್ತು ಗೋವಾದ ಮಟ್ಟಿಗಂತೂ ದಾರಿ ತಪ್ಪಿಸುವ ಮಾತು. ಚೈನೀಸ್ ಕ್ಯಾಬೇಜ್ ಬಿಗಿಯಾಗಿ ಗಡ್ಡೆ ಕಟ್ಟಲು 15ರಿಂದ 20 ಡಿಗ್ರಿ ಸೆಲ್ಸಿಯಸ್‌ ಸುತ್ತಲಿನ ಹವೆ ಬೇಕು. ಸರಾಸರಿ 25 ಡಿಗ್ರಿ ದಾಟಿದರೆ ಎಲೆಗಳು ಒಳಮುಖವಾಗಿ ಮಡಿಚಿಕೊಳ್ಳದೆ ಸಡಿಲಾಗಿಯೇ ಉಳಿಯುತ್ತವೆ. ಪುಣೆಯಲ್ಲಿ ಈ ಹವೆಗೆ ಹತ್ತಿರವಾದುದು ಸಿಗುವುದು ನವೆಂಬರ್‌ನಿಂದ ಫೆಬ್ರವರಿಯ ಮೊದಲ ಭಾಗದವರೆಗೆ ಮಾತ್ರ. ಡಿಸೆಂಬರ್, ಜನವರಿಗಳಲ್ಲಿ ಹಗಲು 30 ಡಿಗ್ರಿಯ ಹತ್ತಿರ ಹೋದರೂ ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದರಿಂದ ಗಡ್ಡೆ ಕಟ್ಟುತ್ತದೆ. ಬೇಗ ಬರುವ ಹೈಬ್ರಿಡ್ ತಳಿಗಳು 55ರಿಂದ 65 ದಿನಗಳಲ್ಲಿ ಕೊಯ್ಲಿಗೆ ಬರುವುದರಿಂದ, ದಸರೆ ಮುಗಿದು ಅಕ್ಟೋಬರಿನ ಸೆಕೆ ಇಳಿಯುವ ಹೊತ್ತಿಗೆ ಸಸಿ ಮಾಡಿಕೊಂಡು ದೀಪಾವಳಿಯ ಸುತ್ತಮುತ್ತ ನಾಟಿ ಮಾಡಿದರೆ ಸಂಕ್ರಾಂತಿಯ ಹೊತ್ತಿಗೆ ಕೈಗೆ ಬರುತ್ತದೆ. ತಡವಾಗಿ, ಡಿಸೆಂಬರಿನ ಕೊನೆಯಲ್ಲಿ ಬಿತ್ತಿದರೆ ಇನ್ನೊಂದು ತೊಂದರೆ ಕಾದಿರುತ್ತದೆ. ಎಳೆಯ ಸಸಿಗಳು ಸುಮಾರು 13 ಡಿಗ್ರಿಗಿಂತ ಕೆಳಗಿನ ಚಳಿಯನ್ನು ಒಂದು ವಾರಕ್ಕೂ ಹೆಚ್ಚು ಕಾಲ ಉಂಡರೆ ಗಿಡವು ಚಳಿಗಾಲ ಮುಗಿಯಿತೆಂದು ಬಗೆದು, ಹಗಲು ದೀರ್ಘವಾಗತೊಡಗಿದೊಡನೆ ಗಡ್ಡೆ ಕಟ್ಟುವುದನ್ನು ಬಿಟ್ಟು ಹೂದಂಟನ್ನು ಮೇಲಕ್ಕೆ ಚಾಚುತ್ತದೆ. ನಮ್ಮ ಗುಂಪಿನಲ್ಲಿ ತಡವಾಗಿ ಬಿತ್ತಿದ ಮನೆಯೊಂದರಲ್ಲಿ ಶಿವರಾತ್ರಿಯ ಹೊತ್ತಿಗೆ ಹಳದಿ ಹೂಗಳು ತುಂಬಿದ್ದವು; ಹೂದಂಟಿನ ಪಲ್ಯವೂ ರುಚಿಯಾಗಿತ್ತೆಂದು ಅವರು ಹೇಳಿದರು, ಅದು ಅವರ ದೊಡ್ಡ ಮನಸ್ಸು. ರೈತರ ಪೊಟ್ಟಣದ ಮೇಲೂ ಬಿತ್ತನೆಯ ಕಾಲವನ್ನು 'ಸ್ಥಳೀಯ ಹವಾಮಾನಕ್ಕೆ ತಕ್ಕಂತೆ' ಎಂದಷ್ಟೇ ಬರೆದು ಜಾರಿಕೊಂಡಿದ್ದಾರೆ. ಸುಳ್ಳಲ್ಲ, ಆದರೆ ಸಾಲದು.

ರೈತರ ಪೊಟ್ಟಣದೊಳಗೆ ಮಡಚಿಟ್ಟಿದ್ದ ಸೂಚನೆಯ ಕಾಗದದಲ್ಲಿ ಉಳಿದ ವಿಷಯಗಳು ಬಹುಮಟ್ಟಿಗೆ ಸರಿಯಾಗಿವೆ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿಯ ಅಂತರ, ನಾಲ್ಕೈದು ಎಲೆಯ ಹಂತದಲ್ಲಿ ನಾಟಿ, ಬೇರು ಕದಲದಂತೆ ಎಚ್ಚರ, ಇವೆಲ್ಲವನ್ನೂ ಹೇಳಿದ್ದಾರೆ. ಈ ಗಿಡದ ಬೇರು ಕಿತ್ತು ನೆಡುವುದನ್ನು ಸಹಿಸುವುದಿಲ್ಲವಾದ್ದರಿಂದ ಸಸಿಗಳನ್ನು ಮಡಿಯಲ್ಲಿ ಒತ್ತಾಗಿ ಬೆಳೆಸುವ ಬದಲು ಟ್ರೇಯಲ್ಲೋ ಕಾಗದದ ಲೋಟದಲ್ಲೋ ಬೆಳೆಸಿ, ಮಣ್ಣಿನ ಮುದ್ದೆಯೊಡನೆಯೇ ಇಳಿಸುವುದು ಒಳ್ಳೆಯದು. ಗ್ರೋ ಬ್ಯಾಗಾದರೆ 12 ಇಂಚಿನ ಒಂದು ಚೀಲಕ್ಕೆ ಒಂದೇ ಗಿಡ. ಎರಡು ನೆಟ್ಟವರಿಗೆ ಎರಡೂ ಗಡ್ಡೆಯಾಗುವುದಿಲ್ಲ. ನಾನು ಒಪ್ಪದ ಸೂಚನೆ ಒಂದೇ: ನಾಟಿಗೆ ಮೊದಲು ಮಣ್ಣಿಗೆ ಸುಣ್ಣ ಬೆರೆಸಬೇಕೆಂಬುದು. ಬೇರು ಗಂಟುಕಟ್ಟುವ ಕ್ಲಬ್ ರೂಟ್ ರೋಗವು ಹುಳಿ ಮಣ್ಣಿನಲ್ಲಿ ಬರುವುದರಿಂದ, ಮಲೆನಾಡಿನ ಅಥವಾ ಗೋವಾದ ಜಂಬಿಟ್ಟಿಗೆ ಮಣ್ಣಿನಲ್ಲಿ ಬೆಳೆಯುವವರಿಗೆ ಆ ಮಾತು ಸಲ್ಲುತ್ತದೆ. ಪುಣೆಯ ಕಪ್ಪು ಮಣ್ಣು ಮೊದಲೇ ಕ್ಷಾರೀಯ. ಅದಕ್ಕೆ ಮತ್ತೆ ಸುಣ್ಣ ಸುರಿಯುವುದರಿಂದ ಕಬ್ಬಿಣ, ಬೋರಾನ್‌ನಂಥ ಪೋಷಕಗಳು ಗಿಡಕ್ಕೆ ದಕ್ಕದಂತಾಗುತ್ತವೆಯೇ ಹೊರತು ಲಾಭವಿಲ್ಲ. ಕಪ್ಪು ಮಣ್ಣಿಗೆ ಕೆಂಪು ಮಣ್ಣನ್ನೂ ಚೆನ್ನಾಗಿ ಕಳಿತ ಎಲೆಗೊಬ್ಬರವನ್ನೂ ಸೇರಿಸಿ ನೀರು ಬಸಿಯುವಂತೆ ಮಾಡಿಕೊಂಡರೆ ಸಾಕು.

ಸುಣ್ಣದ ವಿಚಾರ ಬಂದಿರುವುದರಿಂದ ತುದಿಸುಡುವಿಕೆಯ ಬಗೆಗೂ ಹೇಳಬೇಕು, ಏಕೆಂದರೆ ಮನೆಯಲ್ಲಿ ಬೆಳೆದವರು ಬೀಜವನ್ನು ಹೆಚ್ಚಾಗಿ ದೂರುವುದು ಇದೇ ಕಾರಣಕ್ಕೆ. ಹೊರಗೆ ಚೆಲುವಾಗಿ ಕಾಣುವ ಗಡ್ಡೆಯನ್ನು ಸೀಳಿದಾಗ ಒಳ ಎಲೆಗಳ ಅಂಚು ಕಂದಾಗಿ ಒಣಗಿರುತ್ತದೆ. ಇದು ರೋಗವಲ್ಲ, ಆ ಎಲೆಗಳಿಗೆ ಸುಣ್ಣದ ಸತ್ವವಾದ ಕ್ಯಾಲ್ಸಿಯಂ ತಲುಪಿಲ್ಲವೆಂಬ ಗುರುತು. ಬೋರ್‌ವೆಲ್ಲಿನ ಗಡಸು ನೀರು ಹಾಕುವ ಮನೆಗಳಲ್ಲಿ ಮಣ್ಣಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೂ ಇದು ಬರುತ್ತದೆ, ಅದೇ ಜನರನ್ನು ಗೊಂದಲಕ್ಕೆ ತಳ್ಳುವ ಸಂಗತಿ. ಕ್ಯಾಲ್ಸಿಯಂ ಗಿಡದೊಳಗೆ ಸಾಗುವುದು ನೀರಿನ ಜೊತೆಗೆ. ನೀರು ಹರಿಯುವುದು ಆವಿಯಾಗುವ ಎಲೆಗಳ ಕಡೆಗೆ. ಬಿಸಿಲಿಗೆ ತೆರೆದುಕೊಂಡ ಹೊರ ಎಲೆಗಳು ಆ ನೀರನ್ನೆಲ್ಲ ಎಳೆದುಕೊಳ್ಳುತ್ತವೆ, ಮುಚ್ಚಿಕೊಂಡ ಒಳ ಎಲೆಗಳಿಂದ ನೀರು ಆವಿಯಾಗುವುದೇ ಇಲ್ಲವಾದ್ದರಿಂದ ಅವು ಉಪವಾಸ ಬೀಳುತ್ತವೆ. ಒಂದು ದಿನ ಮಣ್ಣು ಒಣಗಿಸಿ ಮರುದಿನ ತುಂಬಿಸುವ ನೀರಾವರಿಯೂ, ಬೇಗ ಬೆಳೆಯಲೆಂದು ಸುರಿಯುವ ಯೂರಿಯಾವೂ ಈ ತೊಂದರೆಯನ್ನು ಹೆಚ್ಚಿಸುತ್ತವೆ. ದಿನವೂ ಹಿತಮಿತವಾಗಿ ನೀರು, ಬುಡಕ್ಕೆ ಒಣ ಎಲೆಯ ಹೊದಿಕೆ, ಸಾರಜನಕದಲ್ಲಿ ಸಂಯಮ, ಇಷ್ಟು ಪಾಲಿಸಿದ ಮಡಿಯಲ್ಲಿ ಎರಡೂ ಪೊಟ್ಟಣಗಳ ಗಿಡಗಳು ಒಳಗೆ ಸ್ವಚ್ಛವಾಗಿಯೇ ಇದ್ದವು.

ಹುಳುಗಳ ವಿಷಯದಲ್ಲಿ ಯಾವ ಬೀಜವೂ ರಿಯಾಯಿತಿ ತೋರುವುದಿಲ್ಲ. ಎಲೆ ಮೃದುವಾಗಿರುವುದರಿಂದ ಸಸ್ಯಹೇನು, ಎಲೆಗೆ ಸಣ್ಣ ತೂತು ಕೊರೆಯುವ ಜಿಗಿದುಂಬಿ, ವಜ್ರಬೆನ್ನಿನ ಪತಂಗದ ಹಸಿರು ಮರಿಹುಳು, ಮೂರೂ ಸಾಮಾನ್ಯ ಎಲೆಕೋಸಿಗಿಂತ ಮೊದಲು ಇದನ್ನೇ ಹುಡುಕಿ ಬರುತ್ತವೆ. ನಾಟಿಯ ದಿನವೇ ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ಕಮಾನಿನ ಮೇಲೆ ಹೊದಿಸಿಬಿಟ್ಟರೆ ಮುಕ್ಕಾಲು ತಲೆನೋವು ಕಳೆಯುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಎಲೆಕೋಸಿನ 25 ಸಾಲುಗಳಿಗೆ ಎರಡು ಸಾಲು ಸಾಸಿವೆ ಬೆಳೆದು ವಜ್ರಬೆನ್ನಿನ ಪತಂಗವನ್ನು ಸಾಸಿವೆಯ ಕಡೆಗೆ ಸೆಳೆಯುವ ವಿಧಾನವನ್ನು ರೈತರಿಗೆ ಬಹಳ ಹಿಂದೆಯೇ ಶಿಫಾರಸು ಮಾಡಿದೆ. ಮನೆಯ ಮಡಿಯಲ್ಲಿ ಅದನ್ನು ಅನುಸರಿಸಲು ಒಗ್ಗರಣೆ ಡಬ್ಬಿಯ ಒಂದು ಚಿಟಿಕೆ ಸಾಸಿವೆಯನ್ನು ನಾಟಿಗೆ ಎರಡು ವಾರ ಮೊದಲು ಅಂಚಿನಲ್ಲಿ ಚೆಲ್ಲಿದರಾಯಿತು. ಹುಳು ಕಂಡರೆ ಬೀಟಿ ಎಂಬ ಬ್ಯಾಕ್ಟೀರಿಯಾದ ಪುಡಿಯನ್ನು ಸಂಜೆ ಸಿಂಪಡಿಸುವುದು ಪರಿಣಾಮಕಾರಿ, ಹೇನಿಗೆ ಬೇವಿನೆಣ್ಣೆ.

ಕೊಯ್ಲಿನ ಹೊತ್ತಿಗೆ ರೈತರ ಪೊಟ್ಟಣದ ಗಿಡಗಳು ಬಹುತೇಕ ಒಂದೇ ವಾರದಲ್ಲಿ ಬಲಿತವು. ರೈತನಿಗೆ ಇದು ವರ, ಏಕೆಂದರೆ ಅವನು ಒಂದೇ ಟೆಂಪೋದಲ್ಲಿ ಮಾಲು ಸಾಗಿಸಬೇಕು. ಪುಣೆ ಜಿಲ್ಲೆಯ ರೈತರು ಹೋಟೆಲುಗಳ ಬೇಡಿಕೆಗಾಗಿ ಬ್ರೊಕೋಲಿ, ಜುಕಿನಿಗಳ ಜೊತೆ ಇದನ್ನೂ ಬೆಳೆಯುತ್ತಾರೆ. ಮನೆಯವರಿಗೆ ಮಾತ್ರ ಒಮ್ಮೆಲೇ ಬಂದ ಗಡ್ಡೆಗಳನ್ನು ಏನು ಮಾಡುವುದೆಂಬ ಪ್ರಶ್ನೆ. ಆದ್ದರಿಂದ ಈ ಬೀಜವನ್ನು ಒಂದೇ ದಿನ ಬಿತ್ತದೆ, ಹತ್ತು ದಿನಗಳ ಅಂತರದಲ್ಲಿ ನಾಲ್ಕು ನಾಲ್ಕಾಗಿ ಬಿತ್ತುವುದು ವಾಸಿ. ಗಡ್ಡೆಗಳು ನನ್ನ ಹಿತ್ತಲಿನಲ್ಲಿ ಮುಕ್ಕಾಲು ಕಿಲೋದಿಂದ ಒಂದು ಕಿಲೋವರೆಗೆ ತೂಗಿದವು, ಚಿತ್ರದಲ್ಲಿರುವಷ್ಟು ದಪ್ಪವಾಗಲಿಲ್ಲ. ಅದಕ್ಕೆ ನಾನು ಅಂಕ ಕಡಿಯುವುದಿಲ್ಲ. ರೈತರ ಪೊಟ್ಟಣದ್ದು ಹೈಬ್ರಿಡ್ ಆದ್ದರಿಂದ ಇದರಿಂದ ಬೀಜ ಹಿಡಿಯುವ ಆಸೆಯನ್ನು ಬಿಡಬೇಕು. ಮುಂದಿನ ತಲೆಮಾರು ತಾಯಿಯಂತೆ ಬರುವುದಿಲ್ಲ, ಜೊತೆಗೆ ಜೇನುನೊಣಗಳು ಅಕ್ಕಪಕ್ಕದ ಟರ್ನಿಪ್ಪು, ಪಾಕ್ ಚೊಯ್‌ಗಳ ಪರಾಗವನ್ನೂ ಬೆರೆಸಿಬಿಡುತ್ತವೆ.

ರುಚಿಯಲ್ಲಿ ಸಾಮಾನ್ಯ ಎಲೆಕೋಸು ಬೇಯುವಾಗ ಏಳುವ ಗಂಧಕದ ವಾಸನೆ ಇದರಲ್ಲಿ ತೀರ ಕಡಿಮೆ, ಅದೇ ಇದರ ದೊಡ್ಡ ಗುಣ. ದಂಟಿನ ಭಾಗವನ್ನು ಸಣ್ಣಗೆ ಹೆಚ್ಚಿ ಹೆಸರುಬೇಳೆಯೊಡನೆ ಕೋಸಂಬರಿ ಮಾಡಿದರೆ ಸೌತೆಕಾಯಿಯ ಕೊರತೆ ಕಾಣುವುದಿಲ್ಲ. ಪಲ್ಯ ಮಾಡುವವರು ಮಾತ್ರ ನಿರಾಶರಾಗಬಹುದು. ಇದು ನೀರು ಬಿಟ್ಟು ಕ್ಷಣದಲ್ಲಿ ಮುದ್ದೆಯಾಗುತ್ತದೆ. ನಮ್ಮ ಧಾರವಾಡದ ಕಡೆಯ ಜುಣಕದಲ್ಲಿ ಹಾಕಿದರೆ ಆ ನೀರನ್ನು ಕಡಲೆಹಿಟ್ಟು ಹೀರಿಕೊಳ್ಳುವುದರಿಂದ ತೊಂದರೆಯೇ ಅನುಕೂಲವಾಗುತ್ತದೆ.

ಒಟ್ಟು ಐದರಲ್ಲಿ ರೈತರ ಪೊಟ್ಟಣಕ್ಕೆ ನಾಲ್ಕು ಕೊಡುತ್ತೇನೆ, ಕಳೆದ ಒಂದು ಅಂಕ ಬಿತ್ತನೆಯ ಕಾಲದ ಬಗ್ಗೆ ಅದು ಸಾಧಿಸಿದ ಮೌನಕ್ಕೆ. ನರ್ಸರಿಯ ಪೊಟ್ಟಣಕ್ಕೆ ಒಂದು. ಕೃಷಿ ಸೇವಾ ಕೇಂದ್ರಕ್ಕೆ ಹೋಗುವವರು ಸೆಪ್ಟೆಂಬರಿನ ಕೊನೆಯಲ್ಲಿ ಹೋದರೆ ಹಿಂಗಾರಿನ ಹೊಸ ಲಾಟುಗಳು ಬಂದಿರುತ್ತವೆ; ಪರೀಕ್ಷೆಯ ದಿನ ನೋಡಿ, ಅವಧಿ ಮುಂದಿನ ವರ್ಷದವರೆಗೆ ಇರುವುದನ್ನೇ ಕೇಳಬೇಕು. ಮಾಳಿಗೆಯಲ್ಲಿ ನಾಲ್ಕೈದು ಕುಂಡಗಳಷ್ಟೇ ಇರುವವರು ಅದೇ ಕಪಾಟಿನಲ್ಲಿರುವ ಪಾಕ್ ಚೊಯ್ ಬೀಜವನ್ನು ಕೇಳುವುದು ಲೇಸು. ಅದು ಗಡ್ಡೆ ಕಟ್ಟಬೇಕಾಗಿಲ್ಲ, ಎಂಟು ಇಂಚಿನ ಕುಂಡ ಸಾಕು, ಒಂದೂವರೆ ತಿಂಗಳಲ್ಲಿ ಬುಡಸಮೇತ ಕೊಯ್ಯಬಹುದು, ಹೊರ ಎಲೆಗಳನ್ನಾದರೆ ಅದಕ್ಕೂ ಮೊದಲೇ ಒಂದೊಂದಾಗಿ ಮುರಿದುಕೊಳ್ಳಬಹುದು.